ಅಟ್ಟೆಗೆ 247 ರೂಪಾಯಿ: ಹೂವಿನ ಬೆಲೆ, ಕೈಯ ಕೂಲಿ

2023-24ರಲ್ಲಿ ದೇಶದಲ್ಲಿ ಬೆಳೆದ ಬಿಡಿ ಹೂ ಸುಮಾರು 23 ಲಕ್ಷ ಟನ್. ಬಿಡಿ ಹೂ ಎಂದರೆ ಮಲ್ಲಿಗೆ, ಸೇವಂತಿಗೆ, ಚೆಂಡು ಹೂ, ಕನಕಾಂಬರದಂತೆ ಗಿಡದಿಂದ ಬಿಡಿಸಿ ತೂಕಕ್ಕೋ ಮೊಳಕ್ಕೋ ಮಾರುವ ಹೂ. ಉದ್ದ ಕಾಂಡದೊಡನೆ ಕತ್ತರಿಸಿ ಮಾರುವ ಗುಲಾಬಿ, ಜರ್ಬೆರಾಗಳ ಲೆಕ್ಕ ಬೇರೆ. 140 ಕೋಟಿ ಜನಸಂಖ್ಯೆಗೆ ಭಾಗಿಸಿದರೆ ತಲೆಗೆ ವರ್ಷಕ್ಕೆ 1.64 ಕೆ.ಜಿ., ನಾಲ್ವರ ಮನೆಗೆ 6.6 ಕೆ.ಜಿ., ದಿನಕ್ಕೆ 18 ಗ್ರಾಂ. ದೇವಸ್ಥಾನದ ಅಲಂಕಾರ, ಮದುವೆ ಮಂಟಪ, ರಾಜಕಾರಣಿಗಳ ಕೊರಳಿನ ಹಾರ ಎಲ್ಲವೂ ಇದರಲ್ಲೇ ಸೇರಿವೆ. ಹಾಗಾಗಿ ಮನೆಯ ದೇವರಿಗೂ ಮುಡಿಗೂ ಉಳಿಯುವುದು ಈ 18 ಗ್ರಾಂನಲ್ಲಿ ಒಂದು ಪಾಲು ಮಾತ್ರ.

ಇಷ್ಟು ಹೂವಿನಲ್ಲಿ ಹೊರದೇಶಕ್ಕೆ ಹೋಗುವುದು ಶೇ 1ಕ್ಕಿಂತ ಕಡಿಮೆ. 2023-24ರಲ್ಲಿ ಪುಷ್ಪೋದ್ಯಮದ ಒಟ್ಟು ರಫ್ತು 19,678 ಟನ್, ಮೌಲ್ಯ 717.83 ಕೋಟಿ ರೂ. ಇದರಲ್ಲಿ ಒಣಹೂ, ಗೆಡ್ಡೆ, ಸಸಿಗಳೂ ಇವೆ. ಎರಡು ವರ್ಷ ಹಿಂದೆ, 2021-22ರಲ್ಲಿ, ರಫ್ತು 23,597 ಟನ್, 771.41 ಕೋಟಿ ರೂ. ಇತ್ತು. ತೂಕದಲ್ಲಿ ಶೇ 16.6, ಮೌಲ್ಯದಲ್ಲಿ ಶೇ 6.9 ಇಳಿಕೆ. ಕೆ.ಜಿ.ಗೆ ಸಿಕ್ಕ ಹಣ ಮಾತ್ರ 327 ರೂ.ನಿಂದ 365 ರೂ.ಗೆ ಏರಿದೆ. ರಫ್ತಿನ ಏರಿಳಿತ ಸುದ್ದಿಯಾಗುವಷ್ಟು ಸ್ಥಳೀಯ ಸಂತೆಯ ದರ ಸುದ್ದಿಯಾಗುವುದಿಲ್ಲ. ಆದರೆ ನೂರು ಕೆ.ಜಿ. ಹೂವಿನಲ್ಲಿ 99 ಕೆ.ಜಿ.ಗೂ ಹೆಚ್ಚು ಮಾರಾಟವಾಗುವುದು ಇಲ್ಲಿಯೇ, ಅದೂ ಬಹುಪಾಲು ಕೊಯ್ದ ಒಂದೆರಡು ದಿನದೊಳಗೆ.

ಮನೆಯ ಖರ್ಚಿನಲ್ಲಿ ಹೂವಿನ ಪಾಲನ್ನು ಅಂದಾಜು ಮಾಡಬಹುದು. 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಕರ್ನಾಟಕದ ನಗರಗಳಲ್ಲಿ ಒಬ್ಬರ ತಿಂಗಳ ಸರಾಸರಿ ವೆಚ್ಚ 8,076 ರೂ., ಹಳ್ಳಿಗಳಲ್ಲಿ 4,903 ರೂ. ನಾಲ್ವರಿರುವ ನಗರದ ಮನೆಗೆ ಇದು 32,304 ರೂ. ಆಗುತ್ತದೆ. ದಿನಕ್ಕೆ ಒಂದು ಮೊಳ ಹೂ, ಮೊಳಕ್ಕೆ ವರ್ಷದ ಸರಾಸರಿ 25 ರೂ. ಎಂದು ಹಿಡಿದರೆ ತಿಂಗಳಿಗೆ 750 ರೂ., ಅಂದರೆ ವೆಚ್ಚದ ಶೇ 2.3. ಹಳ್ಳಿಯ ಮನೆಗೆ ಇದೇ 750 ರೂ. ಶೇ 3.8 ಆಗುತ್ತದೆ. ಹಿತ್ತಲಲ್ಲಿ ದಾಸವಾಳ, ಕಣಗಿಲೆ, ನಂದಿಬಟ್ಟಲು ಇರುವ ಮನೆಯವರು ಈ ಲೆಕ್ಕದಿಂದ ಹೊರಗೆ. ವರ್ಷದ ಮೊತ್ತ 9,125 ರೂ. ಎಂದಾಗ ಅದು ದೊಡ್ಡದಾಗಿ ಕಾಣುತ್ತದೆ, ದಿನಕ್ಕೆ 25 ಎಂದಾಗ ಕಾಣುವುದಿಲ್ಲ.

ಈ ಲೆಕ್ಕದ ಬುಡದಲ್ಲೇ ಒಂದು ತೊಡಕಿದೆ. ಮೊಳ ಎಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ, 18 ಇಂಚು. ನಾಲ್ಕು ಮೊಳ ಸೇರಿದರೆ ಆರು ಅಡಿಯ ಒಂದು ಮಾರು. ಆದರೆ ಅಳೆಯುವುದು ಮಾರುವವರ ಕೈ. ಆ ಕೈ 16 ಇಂಚಿನದಾದರೆ ಅಳತೆಯಲ್ಲಿ ಶೇ 11 ಖೋತಾ, ಪೂರ್ತಿ ಮೊಳದ ಲೆಕ್ಕದಲ್ಲಿ 25 ರೂ. ಹೂವಿಗೆ 28 ರೂ. ಕೊಟ್ಟ ಹಾಗೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮೆಟ್ರಿಕ್ ಅಳತೆಯನ್ನೇ ಪ್ರಮಾಣವೆನ್ನುತ್ತದೆ, ಆದರೂ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಮೊಳ, ಮಾರು ನಿಂತಿಲ್ಲ. ಉದ್ದಕ್ಕಿಂತ ದೊಡ್ಡ ವ್ಯತ್ಯಾಸ ಒತ್ತಿನಲ್ಲಿ ಬರುತ್ತದೆ. ಮೊಗ್ಗುಗಳನ್ನು ಒತ್ತಾಗಿ ಕಟ್ಟಿದ ಮೊಳಕ್ಕೂ ಬಿಡಿಸಿ ಕಟ್ಟಿದ ಮೊಳಕ್ಕೂ ಹೂವಿನ ಸಂಖ್ಯೆ ಒಂದೇ ಅಲ್ಲ, ದರ ಮಾತ್ರ ಒಂದೇ.

ಉಡುಪಿ ಜಿಲ್ಲೆಯ ಶಂಕರಪುರದ ಮಲ್ಲಿಗೆ ವ್ಯಾಪಾರದಲ್ಲಿ ಈ ತೊಡಕಿಲ್ಲ. ಅಲ್ಲಿ ಅಳತೆ ಎಣಿಕೆಯದು. 800 ಹೂ ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ; ಅಟ್ಟೆಗೆ 3,200 ಹೂ. ದರ ಗೊತ್ತಾಗುವುದು ದಿನದಿನವೂ ಕಟ್ಟೆಯಲ್ಲಿ, ಅಂದರೆ ಬೆಳೆಗಾರರಿಂದ ಹೂ ಸಂಗ್ರಹಿಸುವ ಜಾಗದಲ್ಲಿ. ಉಡುಪಿ ಮಲ್ಲಿಗೆಗೆ, ಮೈಸೂರು ಹಾಗೂ ಹಡಗಲಿ ಮಲ್ಲಿಗೆಗಳಿಗಿರುವಂತೆ, ಭೌಗೋಳಿಕ ಸೂಚ್ಯಂಕ ಇದೆ: ಒಂದು ಪ್ರದೇಶದ ಹೆಸರನ್ನು ಅದೇ ಪ್ರದೇಶದ ಉತ್ಪನ್ನಕ್ಕೆ ಮೀಸಲಿಡುವ ಕಾನೂನು ಗುರುತು ಅದು. ಈ ಮೂರರಲ್ಲಿ ಕೈಕೆಲಸದ ಲೆಕ್ಕ ಹಾಕಲು ಅನುಕೂಲವಾದದ್ದು ಉಡುಪಿಯದೇ, ಎಣಿಕೆ ಮೊದಲೇ ಆಗಿರುವುದರಿಂದ.

ಕೆಲಸ ಹೀಗೆ ಸಾಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಗಿಡದ ಬಳಿ ಇರಬೇಕು. ಅರಳುವ ಮುನ್ನ ಮೊಗ್ಗನ್ನು ಒಂದೊಂದಾಗಿ ಕೀಳಬೇಕು. ನೆನೆಸಿ ಸೀಳಿದ ಬಾಳೆನಾರಿನಲ್ಲಿ ತೊಟ್ಟು ಜೋಡಿಸುತ್ತ ಗಂಟು ಬಿಗಿಯಬೇಕು. ಬಿಗಿ ಹೆಚ್ಚಾದರೆ ತೊಟ್ಟು ತುಂಡಾಗುತ್ತದೆ, ಕಡಿಮೆಯಾದರೆ ಹೂ ಜಾರುತ್ತದೆ. ಕಟ್ಟಿದ್ದನ್ನು ಬಾಳೆಎಲೆಯಲ್ಲಿ ಸುತ್ತಿ ಮಧ್ಯಾಹ್ನದೊಳಗೆ ಕಟ್ಟೆಗೆ ಮುಟ್ಟಿಸಬೇಕು. ಅಲ್ಲಿಂದ ಅದು ಮಂಗಳೂರಿಗೆ, ಮುಂಬೈಗೆ ಹೋಗುತ್ತದೆ. ಒಂದು ಮೊಗ್ಗು ಕೀಳಲು ಮೂರು ಸೆಕೆಂಡು, ಕಟ್ಟಲು ಮೂರು ಸೆಕೆಂಡು ಎಂದು ಹಿಡಿಯೋಣ. ಅಟ್ಟೆಯೊಂದಕ್ಕೆ 19,200 ಸೆಕೆಂಡು, ಅಂದರೆ 5 ಗಂಟೆ 20 ನಿಮಿಷ. ಮುಂಜಾನೆ ಐದರಿಂದ ಹನ್ನೊಂದರವರೆಗೆ ಬಿಡುವಿಲ್ಲದೆ ದುಡಿದರೆ ಒಬ್ಬರ ಕೈಗೆ ದಕ್ಕುವುದು 3,600 ಮೊಗ್ಗು, ಒಂದು ಅಟ್ಟೆ ಮತ್ತು ಅರ್ಧ ಚೆಂಡು.

ಈ ಸಮಯಕ್ಕೆ ಬೆಲೆ ಕಟ್ಟಲು ಒಂದು ದರ ಬೇಕು. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ನಿಗದಿಯಾದ ದಿನಗೂಲಿ 370 ರೂ.; ಹಿಂದಿನ ಸಾಲಿನಲ್ಲಿ 349 ರೂ. ಇತ್ತು, ಏರಿಕೆ ಶೇ 6. ಕೌಶಲ ಬೇಡದ ಮಣ್ಣು ಕೆಲಸದ ಕೂಲಿ ಇದು, ಹಾಗಾಗಿ ಕನಿಷ್ಠ ಅಂದಾಜು. ಎಂಟು ಗಂಟೆಯ ದಿನಕ್ಕೆ ಭಾಗಿಸಿದರೆ ಗಂಟೆಗೆ 46.25 ರೂ. 5 ಗಂಟೆ 20 ನಿಮಿಷಕ್ಕೆ 247 ರೂ. ಗಿಡ, ಗೊಬ್ಬರ, ನೀರು, ಜಾಗ, ಸಾಗಣೆ ಯಾವುದೂ ಇದರಲ್ಲಿ ಸೇರಿಲ್ಲ.

ಈ 247 ರೂ. ಅನ್ನು ಕಟ್ಟೆಯ ದರದ ಪಕ್ಕದಲ್ಲಿಟ್ಟು ನೋಡಬೇಕು. ಮೊಗ್ಗು ಕಡಿಮೆ ಇದ್ದು ಮದುವೆಗಳೂ ಕರಾವಳಿಯ ಕೋಲ, ನಾಗಮಂಡಲದ ಆರಾಧನೆಗಳೂ ಒಟ್ಟಿಗೆ ಬರುವ ಚಳಿಗಾಲದಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಟ್ಟೆಯ ದರ 2,100 ರೂ. ಮುಟ್ಟಿದೆ. ಆಗ ಹೂವೊಂದಕ್ಕೆ 66 ಪೈಸೆ, ಬೆಲೆಯಲ್ಲಿ ಕೈಕೆಲಸದ ಪಾಲು ಶೇ 12. ಬೇಸಿಗೆಯಲ್ಲಿ ಇಳುವರಿ ಉಕ್ಕಿದಾಗ, ಮಳೆಗಾಲದ, ತುಳುವರ ಆಟಿ ತಿಂಗಳಲ್ಲಿ ಶುಭಕಾರ್ಯ ನಿಂತಾಗ ದರ ಕೆಲವು ನೂರಕ್ಕೆ ಕುಸಿಯುತ್ತದೆ. ಅಟ್ಟೆಗೆ 300 ರೂ. ಆದ ದಿನ ಕೈಕೆಲಸದ ಪಾಲು ಶೇ 82; ಉಳಿದೆಲ್ಲ ಖರ್ಚಿಗೆ 53 ರೂ. 200 ರೂ. ಆದ ದಿನ 47 ರೂ. ಕೈಯಿಂದಲೇ ಹೋಗುತ್ತದೆ. ಕೀಳುವ ಕಟ್ಟುವ ಸಮಯ ಮೂರೂ ದಿನ ಒಂದೇ.

ಹೀಗಿದ್ದೂ ಬೆಳೆ ನಿಂತಿಲ್ಲ, ಏಕೆಂದರೆ ಈ 47 ರೂ. ಯಾವ ಪುಸ್ತಕದಲ್ಲೂ ನಷ್ಟವೆಂದು ದಾಖಲಾಗುವುದಿಲ್ಲ. ಕೀಳುವವರೂ ಕಟ್ಟುವವರೂ ಬಹುಪಾಲು ಮನೆಯ ಹೆಂಗಸರೇ. ಅವರಿಗೆ ಕೂಲಿ ಕೊಡುವ ಪ್ರಶ್ನೆ ಬರುವುದಿಲ್ಲ. ಕೂಲಿಯವರನ್ನು ಇಟ್ಟು ಬೆಳೆಯುವವರಾದರೆ ದರ 247 ರೂ.ಗಿಂತ ಕೆಳಗೆ ಇಳಿದ ದಿನ ಮೊಗ್ಗನ್ನು ಗಿಡದಲ್ಲೇ ಬಿಡುವುದು ಲಾಭ. ಹತ್ತಿಪ್ಪತ್ತು ಗಿಡದ ಅಂಗಳವೂ ತಾರಸಿ ಮೇಲಿನ ಕುಂಡಗಳೂ ಈ ವ್ಯಾಪಾರವನ್ನು ಹಿಡಿದು ನಿಲ್ಲಿಸಿರುವುದಕ್ಕೆ ಇದೇ ಕಾರಣವೆಂದು ನನ್ನ ಲೆಕ್ಕ.

ಕೊಳ್ಳುವವರ ಕಡೆಯಿಂದ ಋತುವಿನ ವ್ಯತ್ಯಾಸ ಇನ್ನೊಂದು ರೀತಿ ಕಾಣುತ್ತದೆ. ಬೇಸಿಗೆಯಲ್ಲಿ ಕೆ.ಜಿ.ಗೆ 200-300 ರೂ. ಆಸುಪಾಸಿನಲ್ಲಿ ಸಿಗುವ ಮಲ್ಲಿಗೆ ಮೊಗ್ಗು ಡಿಸೆಂಬರ್-ಜನವರಿಯಲ್ಲಿ 1,000 ರೂ. ದಾಟುವುದು ಬೆಂಗಳೂರಿಗೆ ಹೊಸದಲ್ಲ: ನಾಲ್ಕು ಪಟ್ಟು ವ್ಯತ್ಯಾಸ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರ ಕೆ.ಜಿ.ಗೆ 2,000 ರೂ. ಮೀರಿದ ವರ್ಷಗಳಿವೆ, ಆಗ 100 ಗ್ರಾಂಗೆ 200 ರೂ. ಆಯುಧಪೂಜೆ ಮುಗಿದ ವಾರದಲ್ಲಿ ಚೆಂಡು ಹೂ ಕೇಳುವವರಿಲ್ಲದೆ ರೈತರು ರಸ್ತೆ ಬದಿಗೆ ಸುರಿದ ಸುದ್ದಿಯೂ ಅಷ್ಟೇ ವಾಡಿಕೆಯದು. ಚಳಿಗಾಲದಲ್ಲಿ ಸೇವಂತಿಗೆ, ಬೇಸಿಗೆಯಲ್ಲಿ ಮಲ್ಲಿಗೆ, ಮಳೆಗಾಲ ಕಳೆಯುವಾಗ ಚೆಂಡು ಹೂ ಎಂದು ಆಯಾ ಕಾಲದ್ದನ್ನೇ ಕೊಳ್ಳುವ ಮನೆ, ಡಿಸೆಂಬರ್‌ನಲ್ಲೂ ಮಲ್ಲಿಗೆಯೇ ಬೇಕೆನ್ನುವ ಮನೆಗಿಂತ ಕಡಿಮೆ ಹಣದಲ್ಲಿ ಹೆಚ್ಚು ದಿನ ಹೂ ತರುತ್ತದೆ. ಆದರೆ ಆ ಉಳಿತಾಯದ ಒಂದು ಪಾಲು ಕಟ್ಟುವವರ ಕೂಲಿಯಿಂದಲೇ ಬಂದಿರುತ್ತದೆ.

ಬಾಡದ ಕೈಕೆಲಸಕ್ಕೆ ಬಂದರೆ ಪ್ರಮಾಣ ಬೇರೆ. 2023-24ರಲ್ಲಿ ಭಾರತದ ಕರಕುಶಲ ವಸ್ತುಗಳ ರಫ್ತು, ಕೈಗಂಟಿನ ರತ್ನಗಂಬಳಿ ಬಿಟ್ಟು, 32,759 ಕೋಟಿ ರೂ.; ಪುಷ್ಪೋದ್ಯಮದ ರಫ್ತಿನ 46 ಪಟ್ಟು. ಹಿಂದಿನ ವರ್ಷದ 30,019 ಕೋಟಿ ರೂ.ಗೆ ಹೋಲಿಸಿದರೆ ಏರಿಕೆ ಶೇ 9.1. ಮುಂದಿನ ವರ್ಷ, 2024-25ರಲ್ಲಿ, ಮೊತ್ತ 33,123 ಕೋಟಿ ರೂ., ಏರಿಕೆ ಶೇ 1.1ಕ್ಕೆ ಇಳಿಯಿತು. ಈ ಹಣದಲ್ಲಿ ಕುಶಲಕರ್ಮಿಯ ಕೈಗೆ ಎಷ್ಟು ತಲುಪಿತೆಂಬುದು ರಫ್ತಿನ ಅಂಕಿಯಿಂದ ತಿಳಿಯುವುದಿಲ್ಲ. ಅದಕ್ಕೆ ಗಣತಿಯ ಕಡೆ ತಿರುಗಬೇಕು.

2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ನೇಕಾರರೂ ಪೂರಕ ಕೆಲಸದವರೂ ಸೇರಿ 35.22 ಲಕ್ಷ ಜನ. ಹತ್ತು ವರ್ಷ ಹಿಂದಿನ ಮೂರನೇ ಗಣತಿಯಲ್ಲಿ 43.31 ಲಕ್ಷ. ಇಳಿಕೆ ಶೇ 18.7. ನೇಕಾರರಲ್ಲಿ ಶೇ 72ರಷ್ಟು ಮಹಿಳೆಯರು. ನೇಕಾರ ಕುಟುಂಬಗಳಲ್ಲಿ ಶೇ 66.3ರ ತಿಂಗಳ ಆದಾಯ 5,000 ರೂ.ಗಿಂತ ಕಡಿಮೆ. ಅದೇ ವರ್ಷ ಕರ್ನಾಟಕದ ಉದ್ಯೋಗ ಖಾತರಿ ದಿನಗೂಲಿ 249 ರೂ.; ಒಬ್ಬರು 20 ದಿನ ಗುದ್ದಲಿ ಹಿಡಿದರೆ 4,980 ರೂ. ಇಡೀ ಮನೆ ತಿಂಗಳೆಲ್ಲ ಮಗ್ಗದ ಸುತ್ತ ದುಡಿದರೂ ಮೂರರಲ್ಲಿ ಎರಡು ಕುಟುಂಬ ಈ ಮೊತ್ತದ ಆಚೆ ದಾಟಿರಲಿಲ್ಲ.

ರಾಜ್ಯದಲ್ಲಿ ಈ ಗಣತಿಯ ಪ್ರಕಾರ ಕೈಮಗ್ಗದವರು ಸುಮಾರು 54,800. ‘ನೇಕಾರ ಸಮ್ಮಾನ್’ ಯೋಜನೆಯಡಿ ಅವರಿಗೆ ವರ್ಷಕ್ಕೆ 2,000 ರೂ. ಎಂದು ಆರಂಭವಾದ ನೆರವು ನಂತರ 5,000 ರೂ. ಆಯಿತು. ದಿನಕ್ಕೆ 13 ರೂ. 70 ಪೈಸೆ. ಏರಿಕೆ ಶೇ 150 ಎಂದು ಹೇಳಿದರೂ ಲೆಕ್ಕ ತಪ್ಪಲ್ಲ.

ಕೈಮಗ್ಗದ ಸೀರೆ ದುಬಾರಿ ಎಂಬ ಮಾತನ್ನು ಬಳಕೆಯ ಲೆಕ್ಕದಲ್ಲಿ ಪರೀಕ್ಷಿಸಬಹುದು. 4,000 ರೂ. ಕೊಟ್ಟು ತಂದ ಇಳಕಲ್ ಸೀರೆಯನ್ನು ವರ್ಷಕ್ಕೆ 12 ಸಲ, 15 ವರ್ಷ ಉಟ್ಟರೆ 180 ಸಲ. ಒಂದು ಸಲಕ್ಕೆ 22 ರೂ. ಅದೇ ದಿನ ಮುಡಿದ ಮೊಳ ಹೂವಿಗೆ 25 ರೂ. ಪೆಟ್ಟಿಗೆಯಲ್ಲಿಟ್ಟು ವರ್ಷಕ್ಕೆ ಒಂದೇ ಸಲ ಉಟ್ಟರೆ ಅದೇ ಸೀರೆ ಸಲಕ್ಕೆ 267 ರೂ. ಆಗುತ್ತದೆ. ದುಬಾರಿತನ ಬರುವುದು ನೇಯ್ಗೆಯಿಂದಲ್ಲ, ಹಬ್ಬಕ್ಕೆಂದು ಎತ್ತಿಡುವ ಅಭ್ಯಾಸದಿಂದ. ಇಳಕಲ್ಲಿನ ಹತ್ತಿ-ರೇಷ್ಮೆ ಸೀರೆಯನ್ನು ಉತ್ತರ ಕರ್ನಾಟಕದ ಅಜ್ಜಿಯರು ಹೊಲಕ್ಕೂ ಉಟ್ಟುಕೊಂಡು ಹೋಗುತ್ತಿದ್ದರು ಎಂಬುದನ್ನು ಈ 22 ರೂ. ಜೊತೆಗೆ ಓದಿಕೊಳ್ಳಬೇಕು.

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಏರಿಸುವ ಎಳೆಗಳು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿದ ಮೇಲೆ ತೋಪು ತೆನೆ ಸೆರಗು ಬರುತ್ತದೆ. ಮಗ್ಗದ ಮೇಲಿನ ಕೆಲಸಕ್ಕೆ ಮೂರೇ ದಿನ ಎಂದು ಹಿಡಿದರೂ 370 ರೂ. ದರದಲ್ಲಿ ಕೂಲಿ 1,110 ರೂ.; 4,000 ರೂ. ಬೆಲೆಯಲ್ಲಿ ಶೇ 28. ಕಂಡಿಕಿ ಸುತ್ತುವವರ, ಹಾಸು ಹೂಡುವವರ ಕೂಲಿ ಇದರ ಮೇಲೆ. ಹಾಗಾಗಿ ಯಾರಾದರೂ 1,000 ರೂ.ಗೆ ಕೊಡುವ ಇಳಕಲ್ ಸೀರೆಯನ್ನು ಕೈಮಗ್ಗದ್ದು ಎಂದರೆ, ನೂಲಿನ ಬೆಲೆ ಸೊನ್ನೆ ಎಂದುಕೊಂಡರೂ ಲೆಕ್ಕ 110 ರೂ. ಕಡಿಮೆ ಬೀಳುತ್ತದೆ. ಕೈಮಗ್ಗಕ್ಕೆ 11 ಬಗೆಯ ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯ್ದೆ ಈಗಲೂ ಜಾರಿಯಲ್ಲಿದೆ. ಅಂಗಡಿಯಲ್ಲಿ ನಿಂತವರಿಗೆ ಅದಕ್ಕಿಂತ ಈ ಕೂಡುಕಳೆ ಬೇಗ ಒದಗುತ್ತದೆ. ಕಸೂತಿಗೆ ಪರೀಕ್ಷೆ ಇನ್ನೂ ಸುಲಭ. ಅದರ ಗವಂತಿ, ಮುರಗಿ ಹೊಲಿಗೆಗಳಲ್ಲಿ ಗಂಟಿಲ್ಲ, ಒಳಮೈ ಹೊರಮೈ ಒಂದೇ. ತಿರುಗಿಸಿ ನೋಡಿದಾಗ ಹಿಂಬದಿಯಲ್ಲಿ ದಾರದ ಗೋಜಲು ಕಂಡರೆ ಅದು ಯಂತ್ರದ್ದು.

ಬೀದರಿನ ಬಿದ್ರಿ ಕೆಲಸದಲ್ಲಿ ಬೆಲೆ ಏರಿಸಿದ್ದು ಲೋಹ. ಸತು 16 ಪಾಲಿಗೆ ತಾಮ್ರ 1 ಪಾಲು ಸೇರಿಸಿ ಎರಕ ಹೊಯ್ಯುತ್ತಾರೆ. ಶೇ 94 ಸತು. ಮೈಲುತುತ್ತದ ನೀರು ಹಚ್ಚಿ ಮೈ ಕಪ್ಪಾದ ಮೇಲೆ ಉಳಿಯಿಂದ ಕೊರೆದು, ಆ ಗೀರಿನಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಉಜ್ಜುತ್ತಾರೆ. ಆಗ ಸತು ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿ ಉಳಿಯುತ್ತದೆ. 2025ರ ಆರಂಭದಲ್ಲಿ ಕೆ.ಜಿ.ಗೆ ಸುಮಾರು 90,000 ರೂ. ಇದ್ದ ಬೆಳ್ಳಿ ಡಿಸೆಂಬರ್‌ನಲ್ಲಿ 2 ಲಕ್ಷ ದಾಟಿತು. ಒಂದು ಹೂದಾನಿಗೆ 15 ಗ್ರಾಂ ಬೆಳ್ಳಿ ಎಂದು ಹಿಡಿದರೆ ಅದರ ಖರ್ಚು 1,350 ರೂ.ನಿಂದ 3,000 ರೂ.ಗೆ, 1,650 ರೂ. ಏರಿತು. ಕೊರೆಯುವವರ ನಾಲ್ಕು ದಿನದ ಕನಿಷ್ಠ ಕೂಲಿ 1,480 ರೂ. ಒಂದೇ ವರ್ಷದ ಬೆಳ್ಳಿಯ ಏರಿಕೆ ನಾಲ್ಕು ದಿನದ ಕೈಕೆಲಸಕ್ಕಿಂತ ಹೆಚ್ಚು. ಹೂದಾನಿಯ ಬೆಲೆ ಏರಿತೆಂದು ಕುಶಲಕರ್ಮಿಯ ಆದಾಯ ಏರಿತೆಂದಲ್ಲ; ಬಂಡವಾಳ ದುಪ್ಪಟ್ಟು ಬೇಕಾದಾಗ ಸಾಲವೂ ಅಷ್ಟೇ ಬೇಕು.

ಚನ್ನಪಟ್ಟಣದ ಗೊಂಬೆಗೆ ಮಾತ್ರ ಸರ್ಕಾರದ ಸುಂಕಪಟ್ಟಿ ಒಂದಿಷ್ಟು ನೆರವಾಗಿದೆ. ಆಮದು ಆಟಿಕೆಗಳ ಮೂಲ ಸುಂಕವನ್ನು 2020ರ ಫೆಬ್ರುವರಿಯಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು; ಭೌಗೋಳಿಕ ಸೂಚ್ಯಂಕದಡಿ ನೋಂದಾಯಿತರಾದ ಕುಶಲಕರ್ಮಿಗಳಿಗೆ ವಿನಾಯಿತಿ ಕೊಟ್ಟರು. 2014-15ರಲ್ಲಿ 33.26 ಕೋಟಿ ಡಾಲರ್ ಇದ್ದ ದೇಶದ ಆಟಿಕೆ ಆಮದು 2022-23ಕ್ಕೆ 15.87 ಕೋಟಿ ಡಾಲರ್‌ಗೆ, ಶೇ 52 ಇಳಿಯಿತು. ರಫ್ತು 9.62 ಕೋಟಿಯಿಂದ 32.57 ಕೋಟಿ ಡಾಲರ್‌ಗೆ, ಶೇ 239 ಏರಿತು. ಇದರಲ್ಲಿ ಬಹುಪಾಲು ಕಾರ್ಖಾನೆಯ ಆಟಿಕೆಗಳದು. ಆಲೆ ಮರದ ತುಂಡನ್ನು ಲೇತ್‌ಗೆ ಕೊಟ್ಟು, ತಿರುಗುವಾಗಿನ ಬಿಸಿಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುವ ಮನೆಗಳ ಪಾಲು ಈ ಅಂಕಿಯಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ.

ಮರದ ಆಟಿಕೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ಶೇ 12ರಿಂದ 5ಕ್ಕೆ ಇಳಿಯಿತು. ತಾಜಾ ಹೂವಿಗೆ ಮೊದಲಿಂದಲೂ ತೆರಿಗೆಯಿಲ್ಲ. 900 ರೂ. ಮೂಲಬೆಲೆಯ ಗೊಂಬೆಯ ಜೋಡಿಗೆ ಹಿಂದೆ 1,008 ರೂ. ಕೊಡಬೇಕಿತ್ತು, ಈಗ 945 ರೂ. ಉಳಿತಾಯ 63 ರೂ., ಶೇ 6.25. ಗಂಟೆಗೆ 46.25 ರೂ. ಕೂಲಿಯ ದರದಲ್ಲಿ ಇದು 1 ಗಂಟೆ 22 ನಿಮಿಷದ ದುಡಿಮೆ. ಈ ಮೊತ್ತ ಹೋಗುವುದು ಕೊಳ್ಳುವವರ ಜೇಬಿಗೆ, ಅದೂ ಬಿಲ್ ಕೊಡುವ ಮಳಿಗೆಗಳಲ್ಲಿ. ವರ್ಷದ ವಹಿವಾಟು 40 ಲಕ್ಷ ರೂ. ಮೀರದ ಲೇತ್ ಮನೆಗಳು ಈ ತೆರಿಗೆಗೆ ನೋಂದಾಯಿಸಿಕೊಳ್ಳಬೇಕಿಲ್ಲ. ಅವು ಗಿರಾಕಿಗೆ ನೇರವಾಗಿ ಮಾರುವ ಗೊಂಬೆಗೆ ಹಿಂದೆ ಶೇ 12 ಇರಲಿಲ್ಲ, ಈಗ ಶೇ 5 ಇಲ್ಲ. ಮಳಿಗೆಯ ಗೊಂಬೆಯ ಎದುರು ಅವುಗಳಿಗಿದ್ದ 108 ರೂ. ಅನುಕೂಲ ಮಾತ್ರ 45 ರೂ.ಗೆ ಇಳಿದಿದೆ.